ಕೊನೆಯ ಸಾಲಿಗೆ ಅನುವಾದವಿಲ್ಲ: ನಾಟಕವೊಂದಕ್ಕೆ ಹೊಸ ಭಾಷೆ ಕಟ್ಟಿದ ಪ್ರಕರಣ

ಕುಮಟಾ ಸೀಮೆಯ ಹವ್ಯಾಸಿ ರಂಗತಂಡವೊಂದು ಒಂದೂವರೆ ಗಂಟೆಯ ನಾಟಕಕ್ಕಾಗಿ ಹೊಸ ಭಾಷೆಯೊಂದನ್ನು ಕಟ್ಟಿಕೊಂಡಿತು. ಎರಡು ಸಲ ಕಟ್ಟಿದ್ದನ್ನು ಕೆಡವಿ ಮೂರನೇ ಸಲ ನಿಲ್ಲಿಸಿತು. ಕಥೆ, ಕಾದಂಬರಿ, ಗೇಮುಗಳಿಗೆ ಭಾಷೆ ಕಟ್ಟಹೊರಟ ಕನ್ನಡಿಗರು ಸಿಕ್ಕಿಬೀಳುವ ಜಾಗಗಳೆಲ್ಲ ಇದೊಂದರಲ್ಲೇ ಇರುವುದರಿಂದ ವಿವರವಾಗಿ ದಾಖಲಿಸಿದೆ. ತಂಡ, ಊರು, ನಾಟಕದ ಹೆಸರು ಬಿಟ್ಟಿದೆ. ಜನರ ಗುರುತು ಸಿಗುವ ವಿವರಗಳನ್ನೂ ಮಾದರಿ ಶಬ್ದಗಳಲ್ಲಿ ಕೆಲವನ್ನೂ ಬದಲಿಸಿದೆ. ವ್ಯಾಕರಣ ಇದ್ದ ಹಾಗೇ ಇದೆ.

ಹಿನ್ನೆಲೆ

ಕಥೆ ನಡೆಯುವುದು ಅಳಿವೆಯ ನಡುವಿನ ಒಂದು ಕಲ್ಪಿತ ಕುರ್ವೆಯಲ್ಲಿ, ಅಂದರೆ ನಡುಗಡ್ಡೆಯಲ್ಲಿ. ಅಘನಾಶಿನಿಯ ಐಗಳಕುರ್ವೆಯ ಕಡೆ ಹೋಗಿಬಂದವರಿಗೆ ಅಂಥ ಜಾಗ ಹೇಗಿರುತ್ತದೆಂದು ಹೇಳಬೇಕಿಲ್ಲ. ಸುತ್ತ ನೀರು, ಅಂಚಿನಲ್ಲಿ ಗಜನಿ ಎಂಬ ಉಪ್ಪುನೀರಿನ ಗದ್ದೆ, ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ದಡದವರು ಆಡುವುದು ಕನ್ನಡ, ಕುರ್ವೆಯವರದು ಅವರದೇ ನುಡಿ. ಅಪ್ಪನ ದೋಣಿ ಮರಳಿ ಬರಲಿಲ್ಲವೆಂದು ದಡದ ಹುಡುಗನೊಬ್ಬ ಹುಡುಕಿಕೊಂಡು ಕುರ್ವೆಗೆ ಹೋಗುತ್ತಾನೆ, ಅಲ್ಲೇ ಉಳಿಯುತ್ತಾನೆ, ಅವರ ಮಾತು ಕಲಿಯುತ್ತಾನೆ. ಕೊನೆಯ ದೃಶ್ಯದಲ್ಲಿ ಮುದುಕಿಯೊಬ್ಬಳು ಅವನಿಗೆ ಎರಡೇ ಶಬ್ದದ ಒಂದು ಸಾಲು ಹೇಳುತ್ತಾಳೆ.

ನಾಟಕ ಬರೆದಾಕೆಯ ಷರತ್ತು ಒಂದೇ: ಆ ಸಾಲಿಗೆ ಅನುವಾದ ಇರಬಾರದು, ಆದರೂ ಪ್ರೇಕ್ಷಕರಿಗೆ ತಿಳಿಯಬೇಕು. ಈ ಷರತ್ತಿನಿಂದ ಭಾಷೆ ಬರೀ ಅಲಂಕಾರವಾಗಿ ಉಳಿಯುವಂತಿರಲಿಲ್ಲ. ಅರ್ಥವಾಗದ ಸದ್ದು ಸಾಕು ಎನ್ನುವ ನಾಟಕವಾಗಿದ್ದರೆ ಮುಂದಿನ ಯಾವ ಶ್ರಮವೂ ಬೇಕಿರಲಿಲ್ಲ.

ಬರೆದಾಕೆಯ ಮನೆಮಾತು ಕೊಂಕಣಿ, ಓದಿದ್ದು ಕನ್ನಡದಲ್ಲಿ. ನಿರ್ದೇಶಕರು ಶಿರಸಿ ಕಡೆಯ ಹವ್ಯಕ ಮನೆಯವರು. ಕುರ್ವೆಯವರ ಪಾತ್ರ ಮಾಡುವ ನಾಲ್ವರಲ್ಲಿ ಇಬ್ಬರು ಮನೆಯಲ್ಲಿ ಕೊಂಕಣಿ, ಇಬ್ಬರು ಕನ್ನಡ ಆಡುವವರು. ತಾಲೀಮು ಮಳೆಗಾಲದ ಸಂಜೆಗಳಲ್ಲಿ, ತಗಡಿನ ಮಾಡಿನ ಒಂದು ಶಾಲಾ ಸಭಾಂಗಣದಲ್ಲಿ.

ಮೊದಲ ಪಟ್ಟಿ ಏಕೆ ಬಿತ್ತು

ಮೊದಲು ತಯಾರಾದದ್ದು ಎಕ್ಸೆಲ್‌ನಲ್ಲಿ ನಾನೂರು ಚಿಲ್ಲರೆ ಶಬ್ದಗಳ ಪಟ್ಟಿ. ಎಡಕ್ಕೆ ಕನ್ನಡ ಶಬ್ದ, ಬಲಕ್ಕೆ ಹೊಸದು. ಬೇರೆಯಾಗಿ ಕೇಳಬೇಕೆಂಬ ಆಸೆಯಲ್ಲಿ ಮಹಾಪ್ರಾಣ, ಒತ್ತಕ್ಷರಗಳನ್ನು ಸುರಿದಿದ್ದರು: ನೀರಿಗೆ ‘ಝ್ರಾಖ್’, ಮನೆಗೆ ‘ಘ್ವೇಢ್’. ಕಾಗದದ ಮೇಲೆ ಗಡುಸಾಗಿ ಕಾಣುವ ‘ಘ್ವೇಢ್’ ಕನ್ನಡದ ನಟರ ಬಾಯಲ್ಲಿ ‘ಗ್ವೇಡು’ ಆಯಿತು. ಮಹಾಪ್ರಾಣ ಆಡುಮಾತಿನಲ್ಲಿ ಹೆಚ್ಚಿನವರಿಗೆ ನಿಲ್ಲುವುದಿಲ್ಲ. ಕೊನೆಗೆ ವ್ಯಂಜನ ಬಂದರೆ ‘ಉ’ ಹಚ್ಚುವುದು ಕನ್ನಡದ ನಾಲಿಗೆಗೆ ಮೈಗೂಡಿದ ಅಭ್ಯಾಸ, ‘ಬಸ್’ ‘ಬಸ್ಸು’ ಆದ ಹಾಗೆ. ಕೊಂಕಣಿಯ ಇಬ್ಬರು ಅದೇ ಶಬ್ದವನ್ನು ವ್ಯಂಜನದಲ್ಲೇ ನಿಲ್ಲಿಸುತ್ತಿದ್ದರು. ಒಂದೇ ಮನೆಯ ಅಣ್ಣ ತಮ್ಮ ಒಂದೇ ಶಬ್ದವನ್ನು ಎರಡು ಬಗೆಯಲ್ಲಿ ಆಡಿದಂತಾಯಿತು.

ಪಟ್ಟಿಯ ಮೀನು, ಬಲೆ, ದೋಣಿಯ ಶಬ್ದಗಳಲ್ಲಿ ಇನ್ನೊಂದು ತೊಡಕಿತ್ತು. ಅವುಗಳಲ್ಲಿ ಎಷ್ಟೋ ಕೊಂಕಣಿ ಶಬ್ದವನ್ನೇ ಸ್ವಲ್ಪ ತಿರುಚಿದವು. ಕೊಂಕಣಿ ಮನೆಮಾತಿನ ನಟರೊಬ್ಬರು ಇದನ್ನು ಮೊದಲ ವಾಚನದಲ್ಲೇ ಹೇಳಿದರು, ಹೇಳಿದ್ದು ಒಳ್ಳೆಯದಾಯಿತು. ಕಾರವಾರದಲ್ಲೋ ಅಂಕೋಲಾದಲ್ಲೋ ಆಡಿದರೆ ಜನ ಅದನ್ನು ಕಲ್ಪಿತ ಭಾಷೆ ಎಂದು ಕೇಳುವುದಿಲ್ಲ. ತಮ್ಮ ಊರಿನ ಮೀನುಗಾರರ ಮಾತನ್ನು ಅಣಕಿಸಿದ್ದಾರೆ ಎಂದೇ ಕೇಳುತ್ತಾರೆ. ಆ ಶಬ್ದಗಳನ್ನೆಲ್ಲ ಅಂದೇ ತೆಗೆದುಹಾಕಿದರು. ಸುತ್ತಮುತ್ತ ಯಾರದೇ ಮನೆಮಾತಿನಿಂದ ಶಬ್ದ ತರುವುದಿಲ್ಲ ಎಂಬ ನಿಯಮ ಕೊನೆಯವರೆಗೂ ಉಳಿಯಿತು. ಕಲ್ಪಿತ ಜನರ ಬಾಯಿಗೆ ನೆರೆಮನೆಯವರ ಮಾತು ಹಾಕುವುದು ಸುಲಭ, ಆದರೆ ಅದು ಸರಿಯಲ್ಲ.

ಎಲ್ಲಕ್ಕಿಂತ ಆಳದ ತೊಂದರೆ ವ್ಯಾಕರಣದ್ದು. ಒಂದು ಸಾಲಿನಲ್ಲಿ ಹುಡುಗನಿಗೆ ತಿನ್ನಲು ಕೊಟ್ಟು ‘ತಿಂದು ನೋಡು’ ಎನ್ನಬೇಕು. ಹೊಸ ಭಾಷೆಯಲ್ಲೂ ‘ತಿನ್ನು’ವಿನ ಶಬ್ದ, ಅದರ ಮುಂದೆ ಕಣ್ಣಿನಿಂದ ‘ನೋಡು’ವ ಶಬ್ದ. ತಿನ್ನುವುದಕ್ಕೂ ನೋಡುವುದಕ್ಕೂ ಏನು ಸಂಬಂಧ? ಕನ್ನಡದಲ್ಲಿ ಆ ‘ನೋಡು’ ಪ್ರಯತ್ನವನ್ನು ಹೇಳುವ ಕೂಡುಕ್ರಿಯೆ. ‘ಹೋಗಿಬಿಟ್ಟ’, ‘ಮಾಡಿಕೊಡು’ ಇವೂ ಹೀಗೇ. ‘ನನಗೆ ಹಸಿವಾಗಿದೆ’ ಎಂಬಲ್ಲಿ ಹಸಿದವನು ಚತುರ್ಥಿಯಲ್ಲಿ ಬರುತ್ತಾನಲ್ಲ, ಅದೂ ಹಾಗೇ ಇಳಿದಿತ್ತು. ಕೊಂಕಣಿಯೂ ಇಂಥವನ್ನು ಹೀಗೇ ಹೇಳುವುದರಿಂದ ಯಾರ ಕಣ್ಣಿಗೂ ಇದು ಕುಕ್ಕಲಿಲ್ಲ. ಬೇರೆ ಬೇರೆ ಕುಟುಂಬಗಳ ಭಾಷೆಗಳು ಈ ನೆಲದಲ್ಲಿ ವ್ಯಾಕರಣವನ್ನೇ ಹಂಚಿಕೊಂಡಿವೆ ಎಂಬುದನ್ನು ಭಾಷಾವಿಜ್ಞಾನಿ ಎಮೆನೊ 1956ರಷ್ಟು ಹಿಂದೆಯೇ ತೋರಿಸಿದ್ದಾರೆ. ಎರಡು ಭಾಷೆ ಗೊತ್ತಿದ್ದರೆ ಸಾಲದು, ಅವೆರಡೂ ನೆರೆಹೊರೆಯವಾದರೆ ಎರಡರಲ್ಲೂ ಇರುವುದು ಜಗತ್ತಿನ ಸಹಜ ನಿಯಮ ಎಂದೇ ಅನ್ನಿಸಿಬಿಡುತ್ತದೆ.

ಇದನ್ನು ಹಿಡಿಯಲು ಒಂದು ಪರೀಕ್ಷೆ ಇದೆ. ಹೊಸ ಭಾಷೆಯ ಹತ್ತು ವಾಕ್ಯ ತೆಗೆದುಕೊಂಡು ಪ್ರತಿ ಶಬ್ದದ, ಪ್ರತಿ ಪ್ರತ್ಯಯದ ಕೆಳಗೆ ಕನ್ನಡದ್ದನ್ನು ಬರೆದು ಸಾಲಾಗಿ ಓದಬೇಕು. ಏನೂ ತಿದ್ದದೆ ಒಳ್ಳೆಯ ಕನ್ನಡ ಬಂದರೆ ನಿಮ್ಮ ಕೈಯಲ್ಲಿರುವುದು ಗುಟ್ಟಿನ ಲಿಪಿ, ಭಾಷೆಯಲ್ಲ. ತಂಡದ ಹತ್ತಕ್ಕೆ ಹತ್ತೂ ಒಳ್ಳೆಯ ಕನ್ನಡವಾಗಿದ್ದವು.

ಎರಡನೇ ಯತ್ನ: ಅಪರೂಪದ್ದೆಲ್ಲ ಒಟ್ಟಿಗೆ

ಮೊದಲನೆಯದು ಬಿದ್ದ ಮೇಲೆ ಲೋಲಕ ಇನ್ನೊಂದು ತುದಿಗೆ ಹೋಯಿತು. ಹೆಸರಾದ ಕಲ್ಪಿತ ಭಾಷೆಗಳಲ್ಲಿ ಓದಿ ಮೆಚ್ಚಿದ್ದನ್ನೆಲ್ಲ ತಂದು ಜೋಡಿಸಿದರು. ಮಾರ್ಕ್ ಓಕ್ರಾಂಡ್ ‘ಸ್ಟಾರ್ ಟ್ರೆಕ್’ ಸಿನಿಮಾಗಳ ಕ್ಲಿಂಗಾನ್‌ಗೆ ಬೇಕೆಂದೇ ಕೊಟ್ಟ ಕರ್ಮ–ಕ್ರಿಯೆ–ಕರ್ತೃ ಕ್ರಮ ಬಂತು. ಪಾಲ್ ಫ್ರಾಮರ್ ‘ಅವತಾರ್’ ಸಿನಿಮಾದ ನಾವೀ ಭಾಷೆಯಲ್ಲಿ ಇಟ್ಟ ಎಂಟರ ಎಣಿಕೆಯೂ ಗಂಟಲಲ್ಲಿ ಉಸಿರು ತಡೆದು ಚಿಮ್ಮಿಸುವ ವ್ಯಂಜನಗಳೂ ಬಂದವು. ಜೊತೆಗೆ ಹನ್ನೆರಡು ವಿಭಕ್ತಿ, ಮೇಲೆ ಮೂರು ಸ್ವರಮಟ್ಟ, ಅಂದರೆ ದನಿಯ ಎತ್ತರ ಬದಲಾದರೆ ಶಬ್ದದ ಅರ್ಥವೇ ಬದಲು.

ಆ ಭಾಷೆಗಳಲ್ಲಿ ಇವಕ್ಕೆ ಕಾರಣಗಳಿವೆ. ನಾವೀ ಜನರಿಗೆ ಕೈಗೆ ನಾಲ್ಕೇ ಬೆರಳು, ಅದಕ್ಕೆ ಎಂಟರ ಎಣಿಕೆ. ಕುರ್ವೆಯವರಿಗೆ ಹತ್ತು ಬೆರಳಿದ್ದವು. ಸ್ವರಮಟ್ಟ ತಾಲೀಮಿನ ಮೂರನೇ ವಾರಕ್ಕೆ ಮಾಯವಾಯಿತು: ನಟ ಸಿಟ್ಟಿನಲ್ಲಿ, ಅಳುವಿನಲ್ಲಿ ದನಿ ಎತ್ತಿದೊಡನೆ ಕನ್ನಡದ ವಾಕ್ಯದ ರಾಗ ಎಲ್ಲವನ್ನೂ ಮುಚ್ಚುತ್ತದೆ. ಬರೆದಾಕೆಗೇ ಒಂದು ಸಾಲು ಬರೆಯಲು ಹನ್ನೆರಡು ವಿಭಕ್ತಿಗಳ ಕೋಷ್ಟಕ ತಿರುವಿಹಾಕಬೇಕಿತ್ತು, ಹಾಗಾಗಿ ಸಾಲುಗಳು ಗಿಡ್ಡವಾಗುತ್ತಾ ಬಂದವು, ಪಾತ್ರಗಳು ಮೂಕವಾದವು. ಒಂದೊಂದೂ ತನ್ನಷ್ಟಕ್ಕೆ ಸರಿಯೇ. ಆದರೆ ಒಂದಕ್ಕೊಂದು ಹೊಂದಿಕೆ ಇರಲಿಲ್ಲ, ಪ್ರೇಕ್ಷಕನಿಗೆ ಹಿಡಿದುಕೊಳ್ಳಲು ಒಂದೂ ಉಳಿಯಲಿಲ್ಲ.

ತಿರುವು

ಇಲ್ಲಿ ನಿರ್ದೇಶಕರು ಕೇಳಿದ ಪ್ರಶ್ನೆ ಕೆಲಸದ ದಿಕ್ಕನ್ನೇ ಬದಲಿಸಿತು. ಕನ್ನಡದವನು ಹೇಳದೆ ಬಿಡಬಹುದಾದ ಯಾವುದನ್ನು ಕುರ್ವೆಯವನು ಹೇಳದೆ ಬಿಡುವಂತಿಲ್ಲ?

ಭಾಷೆಗಳ ನಿಜವಾದ ಅಂತರ ಇರುವುದು ಇಲ್ಲಿ. ಯಾವುದನ್ನಾದರೂ ಯಾವ ಭಾಷೆಯಲ್ಲಾದರೂ ಹೇಗೋ ಹೇಳಬಹುದು, ಆದರೆ ಪ್ರತಿ ಸಲವೂ ಹೇಳಲೇಬೇಕಾದದ್ದು ಭಾಷೆಯಿಂದ ಭಾಷೆಗೆ ಬೇರೆ. ಕನ್ನಡದಲ್ಲಿ ‘ಬಂದ’, ‘ಬಂದಳು’, ‘ಬಂದರು’, ‘ಬಂತು’ ಇಂಥವುಗಳಲ್ಲಿ ಒಂದನ್ನು ಆರಿಸದೆ ಬಂದ ಸುದ್ದಿ ಹೇಳಲಾಗದು. ತುಳುವಿನಲ್ಲಿ ಎದುರಿನವನನ್ನು ಸೇರಿಸಿದ ‘ನಮ’, ಬಿಟ್ಟ ‘ಎಂಕುಲು’ ಬೇರೆ ಬೇರೆ. ಕನ್ನಡದ ‘ನಾವು’ ಆ ಗೆರೆ ಎಳೆಯುವುದಿಲ್ಲ.

ಉತ್ತರ ನಾಟಕದ ಕಥೆಯಲ್ಲೇ ಇತ್ತು. ದೋಣಿ ಏನಾಯಿತೆಂದು ಯಾರಿಗೆ ಗೊತ್ತು, ಹೇಗೆ ಗೊತ್ತು ಎಂಬುದರ ಮೇಲೆಯೇ ಕಥೆ ನಿಂತಿದೆ. ಹಾಗಾಗಿ ಕುರ್ವೆಯ ಭಾಷೆಯಲ್ಲಿ ಪ್ರತಿ ಕ್ರಿಯಾಪದವೂ ಸುದ್ದಿಯ ಮೂಲವನ್ನು ಹೇಳಲೇಬೇಕು ಎಂದು ತೀರ್ಮಾನವಾಯಿತು: ಕಣ್ಣಾರೆ ಕಂಡದ್ದೋ, ಯಾರೋ ಹೇಳಿದ್ದೋ, ಕುರುಹು ನೋಡಿ ಊಹಿಸಿದ್ದೋ. ಇದು ಕಲ್ಪನೆಯ ಮಾತಲ್ಲ. ಟರ್ಕಿಷ್‌ನಲ್ಲಿ ಭೂತಕಾಲಕ್ಕೆ ಎರಡು ಪ್ರತ್ಯಯಗಳಿವೆ. ಒಂದು ನೇರವಾಗಿ ತಿಳಿದದ್ದಕ್ಕೆ, ಇನ್ನೊಂದು ಕೇಳಿದ್ದಕ್ಕೆ ಅಥವಾ ಆಮೇಲೆ ಗೊತ್ತಾದದ್ದಕ್ಕೆ. ಎಚ್ಚರಾದ ಮೇಲೆ ‘ನಿದ್ದೆ ಬಂದುಬಿಟ್ಟಿತ್ತು ಅಂತ ಕಾಣುತ್ತದೆ’ ಎನ್ನಲು ಅಲ್ಲಿ ‘ಉಯುಮುಶುಮ್’ ಎಂಬ ಒಂದೇ ಶಬ್ದ ಸಾಕು. ಆಂಡಿಸ್ ಪರ್ವತದ ಕೆಚುವಾದಲ್ಲಿ ನೇರ, ಕೇಳಿಕೆ, ಊಹೆ ಮೂರಕ್ಕೂ ಗುರುತುಗಳಿವೆ. ಕನ್ನಡದ ಪ್ರೇಕ್ಷಕನಿಗೂ ಬಾಗಿಲು ಮುಚ್ಚಿಲ್ಲ, ‘ಬಂದನಂತೆ’ ಎಂಬಲ್ಲಿನ ‘ಅಂತೆ’ ಅದೇ ಕೆಲಸ ಮಾಡುತ್ತದೆ. ಕನ್ನಡದಲ್ಲಿ ಅದನ್ನು ಹಾಕಿದರೂ ಆಯಿತು, ಬಿಟ್ಟರೂ ಆಯಿತು. ಕುರ್ವೆಯಲ್ಲಿ ಬಿಡುವಂತಿಲ್ಲ.

ಪ್ರತ್ಯಯಗಳನ್ನು ಆರಿಸಿದ್ದು ಹೇಗೆ

ಮೊದಲು ಗೊತ್ತುಮಾಡಿದ್ದು ‘-ಅಲ’, ‘-ಎಲ’, ‘-ಇಲ’. ತಗಡಿನ ಮೇಲೆ ಮಳೆ ಸುರಿಯುವಾಗ ಹಿಂದಿನ ಬೆಂಚಿನಲ್ಲಿ ಕೂತವರಿಗೆ ಮೂರೂ ಒಂದೇ ಆಗಿ ಕೇಳಿದವು. ನಾಟಕದ ತಿರುಳೇ ಈ ವ್ಯತ್ಯಾಸವಾದ್ದರಿಂದ ಇದು ಸಣ್ಣ ವಿಷಯವಲ್ಲ. ಬಾಯಿಯಲ್ಲಿ ಒಂದರಿಂದ ಒಂದು ದೂರ ಇರುವ ಸ್ವರಗಳು ಬೇಕು, ಪಕ್ಕದ ವ್ಯಂಜನವೂ ಬೇರೆ ಇರಬೇಕು. ಆ, ಇ, ಉ ಎಲ್ಲಕ್ಕಿಂತ ದೂರದ ಮೂರು. ಆದರೆ ಕನ್ನಡದ ನಟರು ವ್ಯಂಜನದ ಕೊನೆಗೆ ತಾವಾಗಿ ‘ಉ’ ಹಚ್ಚುತ್ತಾರಾದ್ದರಿಂದ ‘ಉ’ವನ್ನು ಅರ್ಥಕ್ಕೆ ಬಳಸುವುದು ಅಪಾಯ, ಅದರ ಜಾಗಕ್ಕೆ ‘ಓ’ ಬಂತು. ಕೊನೆಗೆ ನಿಂತದ್ದು: ಕಂಡದ್ದಕ್ಕೆ ‘-ಆಲ’, ಕೇಳಿದ್ದಕ್ಕೆ ‘-ಇನ’, ಕುರುಹಿಗೆ ‘-ಓಸ’.

ಬರು ಎಂಬುದಕ್ಕೆ ‘ತೋಮ್’, ಮುಳುಗು ಎಂಬುದಕ್ಕೆ ‘ಲೂಪ್’, ದೋಣಿಗೆ ‘ವೋಪ’. ‘ತೋಮಾಲ ವೋಪ’ ಎಂದರೆ ದೋಣಿ ಬಂತು, ನಾನೇ ಕಂಡೆ. ‘ತೋಮಿನ ವೋಪ’ ಎಂದರೆ ಬಂತಂತೆ. ‘ತೋಮೋಸ ವೋಪ’ ಎಂದರೆ ಕಂಬಕ್ಕೆ ಹಗ್ಗದ ಉಜ್ಜು ಬಿದ್ದಿದೆ, ಹಾಗಾಗಿ ಬಂದಿರಬೇಕು. ಪ್ರತ್ಯಯಗಳೆಲ್ಲ ಸ್ವರದಿಂದ ಶುರುವಾಗಿ ಸ್ವರದಲ್ಲಿ ಮುಗಿಯುವುದರಿಂದ ಕ್ರಿಯಾಪದ ವ್ಯಂಜನದಲ್ಲಿ ನಿಲ್ಲುವ ಪ್ರಸಂಗವೇ ಇಲ್ಲ. ‘ಗ್ವೇಡು’ವಿನ ತೊಂದರೆ ಹೀಗೆ ವ್ಯಾಕರಣದಿಂದಲೇ ಪರಿಹಾರವಾಯಿತು, ನಟರ ಬಾಯಿ ತಿದ್ದುವ ಕೆಲಸ ಉಳಿಯಲಿಲ್ಲ.

ಕ್ರಿಯಾಪದವನ್ನು ವಾಕ್ಯದ ಮೊದಲಿಗೆ ತಂದರು. ಕನ್ನಡದ ಕಿವಿ ಅದನ್ನು ಕೊನೆಯಲ್ಲಿ ಕಾಯುತ್ತದೆ, ಮೊದಲೇ ಬಂದರೆ ಬೇರೆ ಭಾಷೆ ಎಂಬುದು ಒಂದೇ ಏಟಿಗೆ ತಿಳಿಯುತ್ತದೆ. ಜೊತೆಗೆ, ಏನಾಯಿತು ಮತ್ತು ಹೇಗೆ ಗೊತ್ತು ಎಂಬ ಎರಡೂ ಮೊದಲ ಶಬ್ದದಲ್ಲೇ ಸಿಗುತ್ತವೆ. ಇದಾದ ಮೇಲೆ ‘ಮನೆಯಲ್ಲಿ’, ‘ಮನೆಗೆ’ ಎಂಬಂಥ ಪ್ರತ್ಯಯಗಳನ್ನು ಉಳಿಸುವುದೋ ಬೇಡವೋ ಎಂಬ ಚರ್ಚೆ ಬಂತು. ಕ್ರಿಯೆ–ಕರ್ತೃ–ಕರ್ಮ ಕ್ರಮದ ಭಾಷೆಗಳಲ್ಲಿ ಇಂಥ ಶಬ್ದ ನಾಮಪದಕ್ಕಿಂತ ಮೊದಲು ಬರುತ್ತದೆ ಎಂಬುದು ಭಾಷಾವಿಜ್ಞಾನಿ ಗ್ರೀನ್‌ಬರ್ಗ್ 1963ರಲ್ಲಿ ಪಟ್ಟಿ ಮಾಡಿದ ಸಾರ್ವತ್ರಿಕ ಲಕ್ಷಣಗಳಲ್ಲಿ ಒಂದು. ಹಾಗಾಗಿ ‘ಲಾ ರೇನೊ’, ಅಂದರೆ ‘ಕಡೆಗೆ–ಧಕ್ಕೆ’ (ಧಕ್ಕೆ ಎಂದರೆ ದೋಣಿ ನಿಲ್ಲುವ ಕಟ್ಟೆ). ಹನ್ನೆರಡು ವಿಭಕ್ತಿಗಳ ಕೋಷ್ಟಕ ಹೋಗಿ ಐದು ಪುಟ್ಟ ಶಬ್ದ ಉಳಿದವು. ಲಿಂಗ, ವಚನಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುವುದೂ ಹೋಯಿತು.

ನಿಷೇಧಕ್ಕೆ ಕ್ರಿಯಾಪದದ ಮುಂಚೆ ‘ಕಾ’. ‘ಕಾ ತೋಮಾಲ’ ಎಂದರೆ ಕಾದು ನೋಡಿದೆ, ಬರಲಿಲ್ಲ. ‘ಕಾ ತೋಮೋಸ’ ಎಂದರೆ ಬಂದ ಕುರುಹಿಲ್ಲ. ಪ್ರಶ್ನೆಯಲ್ಲಿ ಮೂಲದ ಗುರುತು ಕೇಳುವವನದಲ್ಲ, ಉತ್ತರಿಸುವವನದು: ‘ತೋಮಾಲ?’ ಎಂದರೆ ಬಂದದ್ದನ್ನು ನೀನು ಕಂಡೆಯಾ. ಮೂಲ ಹೇಳುವ ನಿಜಭಾಷೆಗಳಲ್ಲೂ ಎಷ್ಟೋ ಕಡೆ ಹೀಗೇ ಇದೆ. ಮರ್ಯಾದೆ ತೋರಿಸಲು ನೀನು–ನೀವು ಬೇಡವೆಂದಾಯಿತು. ಹಿರಿಯರು ‘-ಆಲ’ ಹಾಕಿ ಹೇಳಿದ್ದಕ್ಕೆ ಕಿರಿಯರು ಎದುರು ‘-ಆಲ’ ಹಾಕುವಂತಿಲ್ಲ, ತಾವು ಕಂಡಿದ್ದರೂ ‘-ಓಸ’ ಎನ್ನಬೇಕು. ಒಂದೇ ನಿಯಮ ಜಗಳ, ವಿನಯ, ಸುಳ್ಳು ಮೂರಕ್ಕೂ ಒದಗಿತು. ಬರೆದಾಕೆಗೆ ಮತ್ತೆ ಉದ್ದುದ್ದ ಸಂಭಾಷಣೆ ಬರೆಯಲು ಸಾಧ್ಯವಾದದ್ದು ಇಲ್ಲಿಂದ.

ಶಬ್ದಗಳು

ಧ್ವನಿಗಳ ಪಟ್ಟಿ ಕಿರಿದಾಯಿತು: ಪ, ತ, ಕ, ಮ, ನ, ಸ, ಹ, ಯ, ರ, ಲ, ವ. ಟ, ಡ, ಣ, ಳ ಇಲ್ಲ, ದ್ವಿತ್ವ ಇಲ್ಲ. ಇವು ಕನ್ನಡದ ಮೈಬಣ್ಣದಂಥ ಧ್ವನಿಗಳು, ತೆಗೆದರೆ ಸಾಕು, ಹೊಸದೇನನ್ನೂ ಸೇರಿಸದೆ ಮಾತು ದೂರದ್ದಾಗುತ್ತದೆ. ಬಾಯಿಗೆ ಬಾರದ್ದನ್ನು ಸೇರಿಸುವುದಕ್ಕಿಂತ ಬಾಯಿಗೆ ಬರುವುದನ್ನು ಕಳೆಯುವುದು ರಂಗಕ್ಕೆ ಹೆಚ್ಚು ಕೆಲಸ ಮಾಡುತ್ತದೆ. ಎ–ಏ, ಒ–ಓ ವ್ಯತ್ಯಾಸ ಕನ್ನಡ ಲಿಪಿಯಲ್ಲಿ ತಾನಾಗಿ ಇರುವುದರಿಂದ ನಟರ ಪ್ರತಿಗೆ ಬೇರೆ ಚಿಹ್ನೆ ಬೇಕಾಗಲಿಲ್ಲ.

ಹಳೆತನದ ರುಚಿಗೆ ಒಂದೇ ಧ್ವನಿಬದಲಾವಣೆ ಇಟ್ಟರು: ‘ಇ’ಯ ಮುಂಚೆ ‘ತ’ ಬಂದರೆ ‘ಸ’ ಆಗುತ್ತದೆ. ಕೊಡು ಎಂಬ ‘ವೂತ್’ ‘ವೂತಾಲ’, ‘ವೂತೋಸ’ ಎಂದಾದರೂ ಕೇಳಿಕೆಯಲ್ಲಿ ‘ವೂಸಿನ’. ಫಿನ್ನಿಷ್‌ನಲ್ಲಿ ನೀರು ‘ವೆಸಿ’, ನೀರಿನ ಎನ್ನಲು ‘ವೆದೆನ್’, ಕಾರಣ ಇಂಥದೇ. ಹಳಗನ್ನಡದ ‘ಪಾಲ್’ ಇಂದಿನ ‘ಹಾಲು’ ಆಗಿರುವ ನಾಡಿನವರಿಗೆ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ. ಬದಲಾವಣೆ ಹಾಕಿದರೆ ಎಲ್ಲ ಕಡೆ ಹಾಕಬೇಕು. ಚೆಂದ ಕಂಡಲ್ಲಿ ಮಾತ್ರ ಹಾಕಿದರೆ ಅದು ಅಚ್ಚಿನ ತಪ್ಪಿನಂತೆ ಕಾಣುತ್ತದೆ.

ಎರಡು ಕಂಬಸಾಲಿನ ಪಟ್ಟಿಯನ್ನು ಬಿಟ್ಟು ಪ್ರತಿ ಶಬ್ದಕ್ಕೆ ಒಂದು ಚೀಟಿ ಮಾಡಿದರು. ಮಾದರಿಗೆ ‘ಕಿನೊ’: ಕಂಬದ ಮೇಲೆ ಭರತ ಬಿಟ್ಟುಹೋದ ಗೆರೆ, ಕೊಡಬೇಕಾದ ಬಾಕಿ, ವಯಸ್ಸು. ಚಾಕುವಿನಲ್ಲಿ ಕೊರೆದ ಗೆರೆ ‘ಕಿನೊ’ ಅಲ್ಲ. ಲೆಕ್ಕವನ್ನೆಲ್ಲ ಭರತದ ಗೆರೆಯಿಂದ ಇಡುವ ಜನ ಎಂಬುದರಿಂದ ಮೂರು ಅರ್ಥ ಒಂದಾದವು. ಚಂದ್ರನೂ ಮಾಸವೂ ‘ತಿಂಗಳು’ ಆದ, ಸೂರ್ಯನೂ ಕಾಲವೂ ‘ಹೊತ್ತು’ ಆದ ಭಾಷೆಯವರಿಗೆ ಇದು ಪರಿಚಿತ ದಾರಿ. ಶಬ್ದ ಯಾವುದಕ್ಕೆ ಅನ್ವಯಿಸುವುದಿಲ್ಲ ಎಂಬ ಸಾಲನ್ನು ಚೀಟಿಯಲ್ಲಿ ಕಡ್ಡಾಯ ಮಾಡಿದ್ದು ಒಳ್ಳೆಯ ನಿರ್ಧಾರ, ಒಂದಕ್ಕೊಂದು ಶಬ್ದ ಕೂರಿಸುವ ಚಟ ಅದರಿಂದಲೇ ಬಿಟ್ಟಿತು. ನೀರಿಗೆ ಮೂವತ್ತು ಶಬ್ದ ಮಾಡುವ ಉತ್ಸಾಹವೂ ಇತ್ತು. ಉಪ್ಪು ನೀರಿಗೆ ‘ಸೇಮ’, ಸಿಹಿ ನೀರಿಗೆ ‘ಮಿಲೊ’, ಎರಡಕ್ಕೂ ಸೇರಿ ಶಬ್ದವೇ ಇಲ್ಲ ಎಂಬಲ್ಲಿಗೆ ನಿಲ್ಲಿಸಿದರು. ಪ್ರೇಕ್ಷಕ ಅಷ್ಟನ್ನು ಹಿಡಿಯಬಲ್ಲ.

ಪ್ರತಿ ಶಬ್ದವನ್ನೂ ಊರಿನ ಭಾಷೆಗಳ ಕಿವಿಯಲ್ಲಿ ಕೇಳಿ ನೋಡಬೇಕು. ದೋಣಿಗೆ ಮೊದಲು ಇಟ್ಟ ‘ಕಾಪಿ’ ವಾಚನದಲ್ಲಿ ನಗು ತಂದಿತು, ಎಲ್ಲರಿಗೂ ಅದು ಕುಡಿಯುವ ಕಾಪಿ. ಶಬ್ದವನ್ನು ಒಂಟಿಯಾಗಿ ನೋಡಿದರೂ ಸಾಲದು. ಹೋಗು ಎಂಬುದಕ್ಕೆ ‘ನೇಪ್’ ಎಂದಿಟ್ಟದ್ದು ನಿರಪಾಯವಾಗಿ ಕಂಡಿತು, ‘-ಆಲ’ ಹಚ್ಚಿದರೆ ‘ನೇಪಾಲ’! ಅದು ‘ಯೇಪ್’ ಆಯಿತು. ಆಮೇಲಿನಿಂದ ಪ್ರತಿ ಧಾತುವನ್ನೂ ಮೂರೂ ಪ್ರತ್ಯಯ ಹಚ್ಚಿ, ಕನ್ನಡ, ಕೊಂಕಣಿ, ಮರಾಠಿ, ಹಿಂದಿ ಬಲ್ಲವರೆದುರು ಗಟ್ಟಿಯಾಗಿ ಹೇಳಿಸಿ ಒಪ್ಪಿಕೊಳ್ಳುತ್ತಿದ್ದರು. ಬೈಗುಳಗಳು ಸಿಕ್ಕಿಬೀಳುವುದೂ ಈ ಹಂತದಲ್ಲೇ.

ಮೊದಲ ಪ್ರಯೋಗ, ತಿದ್ದಿದ್ದು

ಕೊನೆಯ ಸಾಲು ‘ಲೂಪಾಲ ವೋಪ’. ದೋಣಿ ಮುಳುಗಿತು, ನಾನು ಕಂಡೆ. ಅಷ್ಟೂ ಹೊತ್ತು ಕುರ್ವೆಯವರೆಲ್ಲ ‘ಲೂಪಿನ’ ಎನ್ನುತ್ತಾ ಬಂದಿದ್ದಾರೆ, ಮುದುಕಿಯೂ ಸೇರಿ. ಅವಳು ಸಾಕ್ಷಿಯಾಗಿದ್ದಳು, ಮುಚ್ಚಿಟ್ಟಿದ್ದಳು ಎಂಬುದು ಒಂದು ಸ್ವರ, ಒಂದು ವ್ಯಂಜನದ ಬದಲಾವಣೆಯಿಂದ ತಿಳಿಯಬೇಕು.

ಪರಿಚಯದವರೆದುರು ಮೊದಲ ಸಲ ಆಡಿ, ಕೊನೆಯ ಸಾಲಿನ ಅರ್ಥವನ್ನು ಎಲ್ಲರಿಂದ ಚೀಟಿಯಲ್ಲಿ ಬರೆಸಿಕೊಂಡರು. ದೋಣಿ ಮುಳುಗಿತೆಂದು ಹೆಚ್ಚುಕಡಿಮೆ ಎಲ್ಲರೂ ಬರೆದಿದ್ದರು. ಅವಳು ಕಂಡಿದ್ದಳು ಎಂದು ಬರೆದವರು ಮೂವರೇ. ಪ್ರತಿಯನ್ನು ತಿರುವಿ ನೋಡಿದಾಗ ಕಾರಣ ಸಿಕ್ಕಿತು. ‘-ಆಲ’ ನಾಟಕದ ತುಂಬ ಇತ್ತು, ಆದರೆ ಎಲ್ಲರೂ ಕಣ್ಣೆದುರೇ ನೋಡುತ್ತಿರುವ ಸಂಗತಿಗಳಿಗೆ. ಅಲ್ಲಿ ಅದು ಬರೀ ಕ್ರಿಯಾಪದದ ಬಾಲವಾಗಿ ಕೇಳುತ್ತದೆ. ಎಷ್ಟು ಸಲ ಕೇಳಿಸಿದರೂ ಕಲಿಕೆ ಆಗುವುದಿಲ್ಲ, ಒಂದೇ ಕ್ರಿಯಾಪದ ಎರಡು ಪ್ರತ್ಯಯಗಳಲ್ಲಿ ಎದುರುಬದುರು ನಿಂತಾಗ ಮಾತ್ರ ಆಗುತ್ತದೆ.

ನಿರ್ದೇಶಕರು ‘-ಆಲ’ಕ್ಕೆ ಕಣ್ಣು, ‘-ಇನ’ಕ್ಕೆ ಕಿವಿ ಮುಟ್ಟುವ ಹಸ್ತವನ್ನೂ ಹಾಕಿ ನೋಡಿದರು. ಅರ್ಥವೇನೋ ಕೂಡಲೇ ತಿಳಿಯಿತು, ಆದರೆ ಜನ ಕೈ ನೋಡತೊಡಗಿ ಕೇಳುವುದನ್ನು ಬಿಟ್ಟರು. ಮೊದಲ ಎರಡು ದೃಶ್ಯಕ್ಕೆ ಇಟ್ಟು ಮುಂದೆ ತೆಗೆದರು.

ಬದಲಿಗೆ ಎರಡು ಪ್ರಸಂಗ ಸೇರಿದವು. ಒಂದು ಮೀನು ಮಾರುವ ಜಾಗ. ಮಾರುವಾಕೆ ಬಂಗಡೆ ಬುಟ್ಟಿ ತೋರಿಸಿ ‘ತೋಮಾಲ’ ಎನ್ನುತ್ತಾಳೆ, ಈಗಷ್ಟೇ ಬಂದದ್ದು, ನನ್ನ ಕಣ್ಣೆದುರೇ ಎಂಬ ಅರ್ಥದಲ್ಲಿ. ಕೊಳ್ಳುವಾಕೆ ಒಂದನ್ನೆತ್ತಿ ಕಿವಿರು ಬಿಡಿಸುತ್ತಾಳೆ, ಕೆಂಪಿಲ್ಲ, ಕಂದು. ಬುಟ್ಟಿಗೆ ಹಾಕಿ, ಎಳೆದು ‘ತೋಮಿನ’ ಎನ್ನುತ್ತಾಳೆ. ಕರಾವಳಿಯ ಪ್ರೇಕ್ಷಕರಿಗೆ ಕಿವಿರು ನೋಡುವುದನ್ನು ಯಾರೂ ಕಲಿಸಬೇಕಿಲ್ಲ, ಹಾಗಾಗಿ ಪ್ರತ್ಯಯ ತಾನಾಗಿ ಅರ್ಥವಾಯಿತು. ಇನ್ನೊಂದರಲ್ಲಿ, ಭಾಷೆ ಕಲಿಯುತ್ತಿರುವ ಹುಡುಗ ಅಪ್ಪನ ದೋಣಿಯ ಬಗ್ಗೆ ತಪ್ಪಿ ‘ಲೂಪಾಲ’ ಎಂದುಬಿಡುತ್ತಾನೆ. ಮಕ್ಕಳೆಲ್ಲ ಮುತ್ತಿಕೊಂಡು ‘ಲೂಪಾಲ? ಲೂಪಾಲ?’ ಎಂದು ಕೇಳುತ್ತಾರೆ, ಆಮೇಲೆ ‘ಲೂಪಿನ’ ಎಂದು ತಿದ್ದಿ ಹೇಳಿಸುತ್ತಾರೆ. ಮುದುಕಿ ಒಬ್ಬಳೇ ತಿದ್ದುವುದಿಲ್ಲ, ಬಲೆ ಹೆಣೆಯುವ ಕೈ ನಿಲ್ಲುತ್ತದೆ. ವ್ಯಾಕರಣದ ಪಾಠವೂ ಕಥೆಯ ಸುಳಿವೂ ಇಲ್ಲಿ ಒಂದೇ ಆದವು. ಇಡೀ ಕೆಲಸದಲ್ಲಿ ಅತ್ಯುತ್ತಮವಾದ ನಿರ್ಧಾರ ಇದು.

ಬೇರೆ ಊರಿನ ಬೇರೆ ಜನರೆದುರು ಎರಡನೇ ಸಲ ಆಡಿದಾಗ ಚೀಟಿಗಳಲ್ಲಿ ಮೂರರಲ್ಲಿ ಎರಡು ಪಾಲು ‘ಅವಳು ನೋಡಿದ್ದಳು’ ಎಂದು ಬಂತು. ಒಬ್ಬರು ಅರ್ಥ ಬರೆಯದೆ ‘ಅಜ್ಜಿಗೆ ಮೊದಲೇ ಗೊತ್ತಿತ್ತು’ ಎಂದಷ್ಟೇ ಬರೆದಿದ್ದರು.

ಇಂಥ ಕೆಲಸಕ್ಕೆ ಕೈಹಾಕುವವರಿಗೆ

ಕೊನೆಗೆ ಧಾತುಗಳು ನೂರನ್ನು ಮುಟ್ಟಲಿಲ್ಲ, ಹುಟ್ಟಿಸಿದ ಶಬ್ದ ಸೇರಿ ಇನ್ನೂರು ಚಿಲ್ಲರೆ. ಮೊದಲ ಪಟ್ಟಿಯ ಅರ್ಧ, ಆದರೂ ಯಾವ ದೃಶ್ಯಕ್ಕೂ ಕೊರತೆ ಆಗಲಿಲ್ಲ. ಹೊಸ ಧಾತು ಮಾಡುವ ಮೊದಲು ಇದ್ದ ಶಬ್ದಗಳಿಂದ ಎರಡು ಬಗೆಯಲ್ಲಿ ಕಟ್ಟಿ ನೋಡಬೇಕೆಂಬ ನಿಯಮದಿಂದ ಇದಾಯಿತು. ಕಾದಂಬರಿಗಾದರೆ ಇನ್ನೂ ಕಡಿಮೆ ಸಾಕು, ಓದುವವನು ಹಿಂದಿನ ಪುಟ ತಿರುವಬಲ್ಲ. ಅಲ್ಲಿ ಮಳೆಯ ಸದ್ದಿಲ್ಲದ್ದರಿಂದ ಪ್ರತ್ಯಯಗಳ ಸ್ವರಗಳು ಹತ್ತಿರವಿದ್ದರೂ ನಡೆಯುತ್ತದೆ, ಆದರೆ ಬರೆದ ರೂಪಗಳು ನೋಟಕ್ಕೆ ಬೇರೆ ಇರಬೇಕು. ಗೇಮಿನಲ್ಲಿ ಆಟಗಾರ ತಾನೇ ಮಾತಾಡಬೇಕಿದ್ದರೆ ಹುಡುಗ ತಪ್ಪುವಂಥ ಪ್ರಸಂಗವನ್ನು ಆಟಗಾರನಿಗೇ ಕೊಡಬಹುದು.

ಈ ತಂಡಕ್ಕೆ ಸರಿಹೋಗದೆ ಉಳಿದದ್ದು ಜೋಗುಳ. ಕ್ರಿಯಾಪದ ಮೊದಲು, ಹೆಚ್ಚಿನವು ಮೂರಕ್ಷರದವು, ಮೊದಲನೆಯದು ದೀರ್ಘ. ಹಾಗಾಗಿ ಪ್ರತಿ ಸಾಲೂ ಒಂದೇ ತೂಕದಲ್ಲಿ ಶುರುವಾಗಿ ರಾಗ ಬೇಸರ ತರಿಸುತ್ತಿತ್ತು. ಕ್ರಿಯಾಪದವಿಲ್ಲದ ಕರೆಗಳಿಂದಲೇ, ಅಂದರೆ ‘ವೋಪ, ಮಿಲೊ, ವೋಪ, ಸೇಮ’ ಎಂಬಂಥ ಬರೀ ಹೆಸರುಗಳಿಂದ ಹಾಡು ಕಟ್ಟಿ ಸದ್ಯಕ್ಕೆ ದಾಟಿಸಿದ್ದಾರೆ. ಹಾಡಿನಲ್ಲಿ ಮಾತ್ರ ಪ್ರತ್ಯಯ ಬಿಡಬಹುದು ಎಂದು ಚೀಟಿಗಳ ಪೆಟ್ಟಿಗೆಯಲ್ಲಿ ಅದಕ್ಕೊಂದು ನಿಯಮ ಬರೆದಿಟ್ಟಿದ್ದಾರೆ.